‘ಹ’ಕಾರದ ಮೂರು ಹಾಡು, ಇಪ್ಪತ್ತಮೂರು ವರ್ಷದ ಬಾಳು: ತಕಿ ರೆಂತಾರೋ

ಜಪಾನಿನ ಯಾವುದೇ ಶಾಲಾ ಗೀತಸಂಪುಟದ ಕೊನೆಯ ಪುಟಗಳಲ್ಲಿ ಅಕ್ಷರಾನುಕ್ರಮದ ಸೂಚಿಯೊಂದು ಇರುತ್ತದೆ. ಅದರಲ್ಲಿ ‘ಹ’ ಅಕ್ಷರದ ಸಾಲಿಗೆ ಬಂದರೆ ಮೂರು ಹಾಡುಗಳು ಹತ್ತಿರ ಹತ್ತಿರವೇ ಸಿಗುವುದುಂಟು: ‘ಹನ’, ‘ಹಕೋನೆ ಹಚಿರಿ’, ‘ಹತೊ ಪೊಪ್ಪೊ’. ಮೊದಲನೆಯದು ಹೂವಿನ ಹಾಡು, ಎರಡನೆಯದು ಬೆಟ್ಟದ ಕಡಿದಾದ ಹಾದಿಯ ಹಾಡು, ಮೂರನೆಯದು ಪಾರಿವಾಳಕ್ಕೆ ಕಾಳು ಹಾಕುವ ಮಕ್ಕಳ ಹಾಡು. ವಸ್ತು, ಧಾಟಿ, ಹಾಡುವವರ ವಯಸ್ಸು ಯಾವುದರಲ್ಲಿಯೂ ಒಂದಕ್ಕೊಂದು ಹೋಲಿಕೆಯಿಲ್ಲ. ಆದರೆ ಮೂರಕ್ಕೂ ಸ್ವರ ಕೂಡಿಸಿದವನು ಒಬ್ಬನೇ, ಮೂರೂ ಅಚ್ಚಾಗಿ ಹೊರಬಂದದ್ದು 1900ರ ನವೆಂಬರ್‌ನಿಂದ 1901ರ ಜುಲೈವರೆಗಿನ ಒಂಬತ್ತು ತಿಂಗಳೊಳಗೆ. ಆಗ ಅವನ ವಯಸ್ಸು 21. ಮುಂದೆ ಎರಡು ವರ್ಷವೂ ಅವನು ಬದುಕಲಿಲ್ಲ.

ಆತನ ಹೆಸರು ತಕಿ ರೆಂತಾರೋ. ಆಧುನಿಕ ಜಪಾನಿನ ಸಂಗೀತದ ಇತಿಹಾಸವನ್ನು ಬರೆಯುವವರು ಯಾರೇ ಆಗಲಿ, ಈ ಹೆಸರನ್ನು ದಾಟಿ ಮುಂದೆ ಹೋಗುವಂತಿಲ್ಲ.

ಇಲ್ಲಿ ಕನ್ನಡಿಗರಿಗೆ ಒಂದು ಕುತೂಹಲದ ಸಂಗತಿಯನ್ನು ಹೇಳಬೇಕು. ಜಪಾನೀ ಭಾಷೆಯ ಅಕ್ಷರಾನುಕ್ರಮ ಭಾರತದ ವರ್ಣಮಾಲೆಯ ಸಂತಾನ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನೂ ಸಂಸ್ಕೃತದ ವರ್ಣಕ್ರಮವನ್ನೂ ಕಲಿತದ್ದರ ಫಲವಾಗಿ ಅಲ್ಲಿನ ಅಕ್ಷರಗಳು ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದಲ್ಲಿ ನಿಂತಿವೆ. ನಮ್ಮಲ್ಲಿ ಪವರ್ಗ ಇರುವ ಜಾಗದಲ್ಲಿ ಅವರಲ್ಲಿ ‘ಹ’ ಕುಳಿತಿದೆ. ಅದಕ್ಕೆ ಕಾರಣವೂ ಇದೆ. ಪ್ರಾಚೀನ ಜಪಾನಿನಲ್ಲಿ ಆ ಅಕ್ಷರದ ಉಚ್ಚಾರ ‘ಪ’ ಎಂದೇ ಇತ್ತು, ಕಾಲಕ್ರಮದಲ್ಲಿ ಸಡಿಲಗೊಂಡು ‘ಹ’ ಆಯಿತು. ಹಳಗನ್ನಡದ ‘ಪೂ’ ಹೊಸಗನ್ನಡದಲ್ಲಿ ‘ಹೂ’ ಆದಂತೆ ಅವರ ‘ಪನ’ ‘ಹನ’ ಆಗಿದೆ. ಎರಡಕ್ಕೂ ಅರ್ಥ ಒಂದೇ. ಭಾಷೆಗಳ ನಡುವೆ ಸಂಬಂಧವಿಲ್ಲದಿದ್ದರೂ ಧ್ವನಿಗಳ ನಡಿಗೆ ಹೀಗೆ ಒಂದೇ ದಾರಿಯಲ್ಲಿ ಸಾಗುವುದುಂಟು.

ಅಧಿಕಾರಿಯ ಮಗ

ರೆಂತಾರೋ ಹುಟ್ಟಿದ್ದು 1879ರ ಆಗಸ್ಟ್ 24ರಂದು, ಟೋಕಿಯೋ ನಗರದಲ್ಲಿ. ಆದರೆ ಮನೆತನದ ಬೇರು ಇದ್ದದ್ದು ದೂರದ ಕ್ಯೂಶೂ ದ್ವೀಪದಲ್ಲಿ, ಇಂದಿನ ಓಯಿತ ಪ್ರಾಂತದ ಹಿಜಿ ಎಂಬ ಪುಟ್ಟ ಸಂಸ್ಥಾನದಲ್ಲಿ. ತಕಿ ವಂಶದವರು ತಲೆಮಾರುಗಳಿಂದ ಅಲ್ಲಿನ ಅರಸರ ಬಳಿ ಉನ್ನತ ಸಚಿವ ಪದವಿಯಲ್ಲಿದ್ದ ಸಮುರಾಯಿಗಳು. 1868ರ ಮೇಜಿ ಕ್ರಾಂತಿಯ ಮೂರೇ ವರ್ಷದಲ್ಲಿ ಸಂಸ್ಥಾನಗಳು ರದ್ದಾದವು, ಸಮುರಾಯಿಗಳ ಕತ್ತಿ ಮೂಲೆ ಸೇರಿತು. ಆ ವರ್ಗದ ಬುದ್ಧಿವಂತರು ಮಾಡಿದ್ದನ್ನೇ ರೆಂತಾರೋನ ತಂದೆ ತಕಿ ಯೊಶಿಹಿರೊ ಸಹ ಮಾಡಿದ. ಹೊಸ ಸರಕಾರದ ನೌಕರಿಗೆ ಸೇರಿದ. ಗೃಹ ಇಲಾಖೆಯಲ್ಲಿ ದುಡಿದು, ಬಳಿಕ ಪ್ರಾಂತಗಳ ಆಡಳಿತಕ್ಕೆ ವರ್ಗವಾಗುತ್ತ ಹೋದ.

ವರ್ಗಾವಣೆಯ ನೌಕರಿಯ ಮನೆಯ ಮಕ್ಕಳಿಗೆ ಊರೆಂಬುದು ಒಂದಲ್ಲ. ಯೊಕೊಹಾಮಾ, ತೊಯಾಮ, ಮತ್ತೆ ಟೋಕಿಯೋ, ಓಯಿತ, ಕಡೆಗೆ ತಕೆತ ಎಂದು ಬಾಲಕ ಅಲೆದ. ವಿದೇಶೀ ಹಡಗುಗಳು ಬಂದು ನಿಲ್ಲುತ್ತಿದ್ದ ಯೊಕೊಹಾಮಾ ಬಂದರಿನಲ್ಲಿ ಪಾಶ್ಚಾತ್ಯ ವಾದ್ಯಗಳು ಅಪರೂಪದ ವಸ್ತುಗಳಾಗಿರಲಿಲ್ಲ. ತೊಯಾಮದಲ್ಲಿ ಆತ ಓದಿದ ಶಾಲೆ ಹಳೆಯ ಕೋಟೆಯ ಆವರಣದಲ್ಲಿತ್ತು. ಕೋಟೆಗಳು ಮುಂದೆ ಈ ಹುಡುಗನ ಬಾಳಿನಲ್ಲಿ ಬೇರೊಂದು ರೀತಿಯಲ್ಲಿ ಕಾಣಿಸಿಕೊಳ್ಳಲಿದ್ದವು.

ತಕೆತ ಬೆಟ್ಟಗಳ ನಡುವಿನ ಊರು. ತಂದೆ ಅಲ್ಲಿ ಜಿಲ್ಲಾಧಿಕಾರಿ. ಶಾಲೆಯಲ್ಲಿ ಒಂದು ಆರ್ಗನ್ ಇತ್ತು. ಆ ಕಾಲದ ಬೆಟ್ಟದೂರಿನಲ್ಲಿ ಅದು ದೊಡ್ಡ ಸೊತ್ತು. ಅದನ್ನು ನುಡಿಸಲು ರೆಂತಾರೋನಿಗೆ ಅವಕಾಶ ದೊರೆಯಿತು. ಊರ ಹೊರಗಿನ ಗುಡ್ಡದ ಮೇಲೆ ಓಕ ಕೋಟೆಯಿತ್ತು. ಕೋಟೆ ಎಂದರೆ ಆಗ ಉಳಿದಿದ್ದದ್ದು ಕಲ್ಲಿನ ಗೋಡೆಗಳಷ್ಟೇ. ಹೊಸ ಸರಕಾರದ ಆಜ್ಞೆಯಂತೆ ಒಳಗಿನ ಕಟ್ಟಡಗಳನ್ನೆಲ್ಲ ರೆಂತಾರೋ ಹುಟ್ಟುವ ಮೊದಲೇ ಕೆಡವಿಹಾಕಲಾಗಿತ್ತು. ಆ ಹಾಳು ಪ್ರಾಕಾರಗಳಲ್ಲಿ ಆತ ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನವರೆಗೆ ಆಡಿದ.

ಸಂಗೀತವನ್ನೇ ಬಾಳುವೆಯ ದಾರಿಯಾಗಿ ಹಿಡಿಯುತ್ತೇನೆಂದು ಮಗ ಹೇಳಿದಾಗ ತಂದೆ ಒಪ್ಪಲಿಲ್ಲ. ಸಮುರಾಯಿ ಮನೆತನದ ಗಂಡು ಮಗು ಹಾಡು-ವಾದ್ಯಗಳನ್ನು ಹಿಡಿದು ಹೊಟ್ಟೆ ಹೊರೆಯುವುದು ಆ ಕಾಲದ ಮರ್ಯಾದೆಗೆ ಕುಂದು. ತಂದೆಯ ಮನಸ್ಸಿನಲ್ಲಿ ಇದ್ದದ್ದು ತನ್ನಂತೆಯೇ ಒಬ್ಬ ಅಧಿಕಾರಿ. ಹುಡುಗನ ಪರವಾಗಿ ನಿಂತವನು ಸೋದರ ಸಂಬಂಧಿ ತಕಿ ದೈಕಿಚಿ. ರೆಂತಾರೋಗಿಂತ ಹದಿನೆಂಟು ವರ್ಷ ಹಿರಿಯನಾದ ಈತ ಟೋಕಿಯೋದಲ್ಲಿ ಹೆಸರು ಮಾಡಿದ ವಾಸ್ತುಶಿಲ್ಪಿ. ಈತನ ಮಾತು ನಡೆಯಿತು. 1894ರಲ್ಲಿ, ಹದಿನೈದರ ಹರೆಯದಲ್ಲಿ ರೆಂತಾರೋ ಟೋಕಿಯೋ ಸಂಗೀತ ಶಾಲೆಯನ್ನು ಸೇರಿದ. ಅಂದು ಆ ಮಾತು ನಡೆಯದೇ ಹೋಗಿದ್ದರೆ ಜಪಾನಿಗೆ ಇನ್ನೊಬ್ಬ ಗುಮಾಸ್ತ ದೊರೆಯುತ್ತಿದ್ದ, ಅಷ್ಟೆ.

ಎರವಲು ರಾಗಗಳ ಕಾಲ

ಆ ಹೊತ್ತಿಗೆ ಜಪಾನಿನ ಶಾಲೆಗಳಲ್ಲಿ ಮಕ್ಕಳು ಏನನ್ನು ಹಾಡುತ್ತಿದ್ದರು ಎಂಬುದನ್ನು ತಿಳಿಯದೆ ರೆಂತಾರೋನ ಸಾಧನೆಯ ಅಳತೆ ಸಿಗುವುದಿಲ್ಲ. ಆತ ಹುಟ್ಟಿದ 1879ರಲ್ಲಿಯೇ ಶಿಕ್ಷಣ ಇಲಾಖೆ ಸಂಗೀತದ ಪರಿಶೀಲನೆಗೆಂದು ಒಂದು ಕಚೇರಿಯನ್ನು ತೆರೆಯಿತು. ಅದರ ಮುಖ್ಯಸ್ಥ ಇಸಾವ ಶೂಜಿ. ಮರುವರ್ಷ ಅಮೆರಿಕದ ಬಾಸ್ಟನ್‌ನಿಂದ ಲೂಥರ್ ವೈಟಿಂಗ್ ಮೇಸನ್ ಎಂಬ ಸಂಗೀತ ಶಿಕ್ಷಕನನ್ನು ಕರೆಸಲಾಯಿತು. ಶಾಲೆಗಳಿಗೆ ಹಾಡು ಬೇಕು, ಹೊಸ ರಾಷ್ಟ್ರದ ಮಕ್ಕಳು ಒಟ್ಟಾಗಿ ನಿಂತು ಹಾಡಬೇಕು ಎಂಬುದು ಸರಕಾರದ ಹಂಬಲ. ಆದರೆ ಹಾಡು ಕಟ್ಟಬಲ್ಲ ಜಪಾನೀಯರು ಎಲ್ಲಿದ್ದರು?

ಸುಲಭದ ದಾರಿ ಹಿಡಿಯಲಾಯಿತು. ಸ್ಕಾಟ್ಲೆಂಡ್, ಐರ್ಲೆಂಡ್, ಜರ್ಮನಿಗಳ ಧಾಟಿಗಳನ್ನು ತಂದು, ಅವಕ್ಕೆ ಜಪಾನೀ ಪದಗಳನ್ನು ಹೊಂದಿಸಿದರು. ಪದವಿ ಪ್ರದಾನದ ದಿನ ಜಪಾನಿನ ಶಾಲೆಗಳಲ್ಲಿ ಹಾಡುತ್ತ ಬಂದಿರುವ ‘ಹೊತಾರು ನೊ ಹಿಕಾರಿ’ ಅಂಥದ್ದು. ಅದರ ರಾಗ ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’. ಸ್ಕಾಟ್ಲೆಂಡಿನ ಈ ಧಾಟಿಯಲ್ಲಿ ಐದೇ ಸ್ವರ. ಜಪಾನೀಯರ ಕಿವಿಗೂ ಐದು ಸ್ವರದ ಸಂಗೀತವೇ ರೂಢಿ. ಕರ್ನಾಟಕ ಸಂಗೀತದ ಮೋಹನ ರಾಗದ ಸ್ವರಗಳನ್ನು ನೆನೆದುಕೊಂಡರೆ ಈ ಸಂಬಂಧ ಸುಲಭವಾಗಿ ಅರ್ಥವಾದೀತು. ಹೀಗೆ ಎರವಲು ರಾಗ ಜಪಾನಿನಲ್ಲಿ ಬೇರು ಬಿಟ್ಟಿತು. ಆದರೆ ತೊಡಕೂ ಇತ್ತು. ಜಪಾನೀ ನುಡಿಯಲ್ಲಿ ಪದದ ಒಳಗಿನ ಏರಿಳಿತಕ್ಕೆ ಅರ್ಥವಿದೆ. ಪರದೇಶದ ಧಾಟಿ ಆ ಏರಿಳಿತವನ್ನು ಲೆಕ್ಕಿಸುವುದಿಲ್ಲ. ಪದ ಒಂದು ದಿಕ್ಕಿಗೆ, ರಾಗ ಇನ್ನೊಂದು ದಿಕ್ಕಿಗೆ ಎಳೆದಾಗ ಹಾಡು ಹಾಡಾಗಿ ಉಳಿಯುವುದಿಲ್ಲ.

1887ರಲ್ಲಿ ಆ ಕಚೇರಿಯೇ ಟೋಕಿಯೋ ಸಂಗೀತ ಶಾಲೆಯಾಗಿ ಮಾರ್ಪಟ್ಟಿತು. ರೆಂತಾರೋನಿಗೆ ಅಲ್ಲಿ ದೊರೆತ ಗುರುಗಳು ಸಾಮಾನ್ಯರಲ್ಲ. ಸರಕಾರದ ವೆಚ್ಚದಲ್ಲಿ ಬಾಸ್ಟನ್ ಮತ್ತು ವಿಯೆನ್ನಾಗಳಲ್ಲಿ ಕಲಿತು ಬಂದಿದ್ದ ಕೋದ ನೊಬು ಎಂಬ ಮಹಿಳೆ ಅವರಲ್ಲಿ ಒಬ್ಬಳು. ಕಾದಂಬರಿಕಾರ ಕೋದ ರೊಹಾನ್‌ನ ತಂಗಿ ಈಕೆ. ಇನ್ನೊಬ್ಬ ರಫಾಯೆಲ್ ಫಾನ್ ಕೇಬರ್. ರಷ್ಯಾದಲ್ಲಿ ಹುಟ್ಟಿ, ಮಾಸ್ಕೋ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿತು, ಆಮೇಲೆ ತತ್ತ್ವಶಾಸ್ತ್ರದ ಕಡೆಗೆ ಹೊರಳಿದ ಈತ 1893ರಿಂದ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕ. ಬಳಿಕ ಸಂಗೀತ ಶಾಲೆಯಲ್ಲಿ ಪಿಯಾನೋ ಪಾಠವನ್ನೂ ಹೇಳಿದ. 1898ರಲ್ಲಿ ರೆಂತಾರೋ ಪದವಿ ಪಡೆದಾಗ ತರಗತಿಗೆ ಮೊದಲಿಗ. ಉನ್ನತ ವ್ಯಾಸಂಗಕ್ಕೆ ಅಲ್ಲಿಯೇ ಉಳಿದು, ಕಿರಿಯರಿಗೆ ಪಿಯಾನೋ ಕಲಿಸತೊಡಗಿದ. ಅವನಲ್ಲಿ ಕಲಿತವರ ಪೈಕಿ ಒಬ್ಬಳು, ಮುಂದೆ ಮಿಉರ ತಮಾಕಿ ಎಂಬ ಹೆಸರಿನಿಂದ ಪಶ್ಚಿಮದ ರಂಗಮಂದಿರಗಳಲ್ಲಿ ‘ಮದಾಮ ಬಟರ್‌ಫ್ಲೈ’ಯಾಗಿ ಹಾಡಿ ಹೆಸರಾದಳು.

ಒಂಬತ್ತು ತಿಂಗಳ ಸುಗ್ಗಿ

1900ರ ಅಕ್ಟೋಬರ್‌ನಲ್ಲಿ ಆತ ಪಿಯಾನೋಗಾಗಿ ಒಂದು ಮಿನುಯೆಟ್ ಬರೆದ. ಜಪಾನೀಯನೊಬ್ಬ ಪಿಯಾನೋಗೆಂದೇ ರಚಿಸಿದ ಮೊದಲ ಕೃತಿ ಎಂದು ಅದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಕೇಳಿದರೆ ಅದೊಂದು ಅಚ್ಚುಕಟ್ಟಾದ ವಿದ್ಯಾರ್ಥಿಯ ಕೈಬರಹದಂತಿದೆ. ಅದಕ್ಕಿಂತ ಹೆಚ್ಚಿನದನ್ನು ಅದರ ಮೇಲೆ ಹೊರಿಸುವುದು ಸಲ್ಲದು. ಆದರೆ ಮರು ತಿಂಗಳು ಹೊರಬಂದ ‘ಶಿಕಿ’ ಬೇರೆಯೇ ಮಾತು.

‘ಶಿಕಿ’ ಎಂದರೆ ನಾಲ್ಕು ಋತುಗಳು. ವಸಂತಕ್ಕೆ ‘ಹನ’, ಬೇಸಗೆಗೆ ‘ನೋರ್ಯೋ’, ಶರತ್ಕಾಲಕ್ಕೆ ‘ತ್ಸುಕಿ’, ಚಳಿಗಾಲಕ್ಕೆ ‘ಯುಕಿ’ ಎಂದು ನಾಲ್ಕು ಹಾಡುಗಳು. ಮುನ್ನುಡಿಯಲ್ಲಿ ಇಪ್ಪತ್ತೊಂದರ ತರುಣ ತನ್ನ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ನಾಡಿನಲ್ಲಿ ಹಾಡುಗಳು ಹೆಚ್ಚಿವೆ, ಆದರೆ ಅವುಗಳಲ್ಲಿ ಬಹುಪಾಲು ಶಾಲಾ ಮಟ್ಟವನ್ನು ಮೀರಿಲ್ಲ. ಮೇಲ್ಮಟ್ಟದವು ಕೆಲವು ಇದ್ದರೂ ಅವು ಪಶ್ಚಿಮದ ರಾಗಕ್ಕೆ ಜಪಾನೀ ಪದ ಅಂಟಿಸಿದವು, ಮೂಲದ ಸೊಗಸು ಅಲ್ಲಿ ಕೆಡುತ್ತದೆ. ಆದ್ದರಿಂದ ಜಪಾನೀ ಕವಿತೆಗೇ ರಾಗ ಕಟ್ಟುವ ಪ್ರಯತ್ನ ತನ್ನದು ಎಂಬುದು ಅದರ ಸಾರಾಂಶ. ಗುರುಗಳೂ ಹಿರಿಯರೂ ಇಪ್ಪತ್ತು ವರ್ಷ ನಡೆಸಿಕೊಂಡು ಬಂದ ಪದ್ಧತಿಯ ಕುಂದನ್ನು ಅವರ ಶಿಷ್ಯ ಹೀಗೆ ಅಚ್ಚಿನಲ್ಲಿ ಎತ್ತಿ ತೋರಿಸಿದ್ದು ಸಣ್ಣ ಧೈರ್ಯವಲ್ಲ.

‘ಹನ’ ಆ ಪ್ರಯತ್ನದ ಮೊದಲ ಫಲ. ಪದಗಳು ತಕೆಶಿಮ ಹಗೊರೊಮೊ ಎಂಬ ಕವಿಯವು. ಟೋಕಿಯೋದ ಸುಮಿದ ನದಿ, ಎರಡೂ ದಡದಲ್ಲಿ ಅರಳಿದ ಚೆರ್ರಿ, ಹುಟ್ಟು ಹಾಕುತ್ತ ಸಾಗುವ ದೋಣಿಗಾರರು, ಬೆಳಗು, ಸಂಜೆ, ಮೇಲೇರುವ ಮಸುಕು ಚಂದಿರ. ಎರಡು ಸ್ತ್ರೀ ಕಂಠಗಳಿಗೆಂದು ಬರೆದ ಈ ಹಾಡಿನಲ್ಲಿ ಒಂದು ಧ್ವನಿ ಇನ್ನೊಂದರ ಪಕ್ಕದಲ್ಲಿ ಹೊಂದಿಕೊಂಡು ನಡೆಯುತ್ತದೆ. ಪಿಯಾನೋ ಪಕ್ಕವಾದ್ಯ ಹಾಡಿನ ಅಂಗವೇ ಆಗಿದೆ. ಚೆರ್ರಿ ಅರಳುವ ಕಾಲ ಬಂದಿತೆಂದರೆ ಜಪಾನಿನಲ್ಲಿ ಈ ಹಾಡು ಇಂದಿಗೂ ಕೇಳಿಬರುತ್ತದೆ. ಸುಮಿದ ನದಿಯ ದಂಡೆಯ ಉದ್ಯಾನದಲ್ಲಿ ಇದರ ಪದಗಳನ್ನು ಕೆತ್ತಿದ ಕಲ್ಲು ನಿಂತಿದೆ. ಉಳಿದ ಮೂರು ಋತುಗಳ ಹಾಡು ಇದರ ನೆರಳಿನಲ್ಲಿ ಮಂಕಾದದ್ದು ಅನ್ಯಾಯವೆನ್ನಬೇಕು. ‘ತ್ಸುಕಿ’ಯ ಪದಗಳನ್ನು ಸ್ವತಃ ರೆಂತಾರೋನೇ ಬರೆದಿದ್ದ.

ಅದೇ ಸುಮಾರಿಗೆ ಸಂಗೀತ ಶಾಲೆ ಪ್ರೌಢಶಾಲೆಗಳಿಗಾಗಿ ಒಂದು ಹೊಸ ಗೀತಸಂಪುಟವನ್ನು ಸಿದ್ಧಪಡಿಸುತ್ತಿತ್ತು. ಕವಿಗಳಿಂದ ಮೊದಲು ಪದ ಬರೆಸಿ, ರಾಗ ಸಂಯೋಜನೆಗೆ ಸ್ಪರ್ಧೆಯ ಕರೆ ನೀಡಲಾಯಿತು. ಒಬ್ಬರು ಗರಿಷ್ಠ ಮೂರು ರಚನೆ ಕಳಿಸಬಹುದಿತ್ತು. ರೆಂತಾರೋ ಮೂರನ್ನೂ ಕಳಿಸಿದ, ಮೂರೂ ಆಯ್ಕೆಯಾದವು. ‘ಹಕೋನೆ ಹಚಿರಿ’, ‘ಹೋತೈಕೊ’ ಮತ್ತು ‘ಕೋಜೋ ನೊ ತ್ಸುಕಿ’. 1901ರ ಮಾರ್ಚ್‌ನಲ್ಲಿ ‘ಚೂಗಕು ಶೋಕ’ ಎಂಬ ಹೆಸರಿನಲ್ಲಿ ಆ ಸಂಪುಟ ಪ್ರಕಟವಾಯಿತು. ಹದಿನಾರನೆಯ ಶತಮಾನದ ಸೇನಾನಿ ತೊಯೊತೊಮಿ ಹಿದೆಯೊಶಿಯನ್ನು ಹೊಗಳುವ ‘ಹೋತೈಕೊ’ ಇಂದು ಹೆಚ್ಚಿನವರಿಗೆ ನೆನಪಿಲ್ಲ. ಉಳಿದೆರಡು ಸಾವಿಲ್ಲದ ಹಾಡುಗಳಾದವು.

ಹಕೋನೆ ಎಂಬುದು ಟೋಕಿಯೋ ಮತ್ತು ಕ್ಯೋತೊ ನಡುವಿನ ಹಳೆಯ ಹೆದ್ದಾರಿಯ ಅತಿ ಕಠಿಣ ಘಟ್ಟ. ‘ಹಚಿರಿ’ ಎಂದರೆ ಎಂಟು ರಿ, ಇಂದಿನ ಲೆಕ್ಕದಲ್ಲಿ ಸುಮಾರು 32 ಕಿಲೋಮೀಟರ್. ಒದವರದಿಂದ ಮಿಶಿಮದವರೆಗೆ ಕಲ್ಲು ಹಾಸಿದ ಏರುದಾರಿ, ದಟ್ಟ ಕಾಡು, ನಡುವೆ ಷೋಗನರ ಕಾಲದ ತಪಾಸಣೆಯ ಠಾಣೆ. ತೊರಿಯಿ ಮಕೊತೊ ಬರೆದ ಪದ್ಯ ಚೀನಾದ ಪುರಾತನ ಘಟ್ಟಗಳನ್ನು ಹೆಸರಿಸಿ, ಅವೂ ಹಕೋನೆಗೆ ಸಾಟಿಯಲ್ಲವೆಂದು ಸಾರುತ್ತದೆ. ಪದಗಳು ಕಬ್ಬಿಣದ ಕಡಲೆ. ಆ ಒರಟು ಪದಗಳನ್ನೇ ಹೆಜ್ಜೆಯ ಲಯಕ್ಕೆ ಕಟ್ಟಿ, ಹುಡುಗರು ಎದೆಯುಬ್ಬಿಸಿ ಹಾಡುವಂತೆ ಮಾಡಿದ್ದು ರೆಂತಾರೋನ ಕೈಚಳಕ. ಅರ್ಥ ತಿಳಿಯದೆಯೂ ಮಕ್ಕಳು ತಲೆಮಾರುಗಳ ಕಾಲ ಇದನ್ನು ಕಂಠಪಾಠ ಹಾಡಿದ್ದಾರೆ.

ಮೂರನೆಯ ‘ಹ’ಕಾರದ ಹಾಡು ಇದಕ್ಕೆ ತೀರ ವಿರುದ್ಧ. ಶಿಶುವಿಹಾರದ ಶಿಕ್ಷಕಿ ಹಿಗಾಶಿ ಕುಮೆ, ಮಕ್ಕಳು ದಿನಬಳಕೆಯಲ್ಲಿ ಆಡುವ ಮಾತಿನಲ್ಲಿಯೇ ಹಾಡು ಬರೆದಳು. ಗ್ರಾಂಥಿಕ ಭಾಷೆಯ ಹಾಡುಗಳನ್ನು ಅರ್ಥವಾಗದೆ ಗಿಳಿಪಾಠ ಒಪ್ಪಿಸುತ್ತಿದ್ದ ಪುಟಾಣಿಗಳನ್ನು ಆಕೆ ಕಣ್ಣಾರೆ ಕಂಡಿದ್ದಳು. ಆಕೆಯ ಪದಗಳಿಗೆ ರೆಂತಾರೋ ರಾಗ ಕೂಡಿಸಿದ. ಹೀಗೆ ಮೂಡಿದ ‘ಯೋಚಿಯೆನ್ ಶೋಕ’ದಲ್ಲಿ 20 ಹಾಡುಗಳಿವೆ, ಬಹುಪಾಲು ಆತನವೇ. ದೇವಾಲಯದಂಗಳದ ಪಾರಿವಾಳಗಳನ್ನು ಕರೆದು ಕಾಳು ಹಾಕುವ ‘ಹತೊ ಪೊಪ್ಪೊ’ ಅದರಲ್ಲಿದೆ. ಹೊಸವರ್ಷಕ್ಕೆ ಇನ್ನೆಷ್ಟು ರಾತ್ರಿ ಮಲಗಬೇಕೆಂದು ಬೆರಳೆಣಿಸುವ ‘ಓಶೋಗತ್ಸು’ ಕೂಡ ಅದರದೇ. ಡಿಸೆಂಬರ್ ಕೊನೆಯಲ್ಲಿ ಈ ಹಾಡನ್ನು ಗುನುಗದ ಜಪಾನೀ ಮಗುವಿಲ್ಲ.

1911ರಲ್ಲಿ ಶಿಕ್ಷಣ ಇಲಾಖೆ ತನ್ನ ಪಠ್ಯದಲ್ಲಿ ‘ಹತೊ’ ಎಂಬ ಇನ್ನೊಂದು ಪಾರಿವಾಳದ ಹಾಡನ್ನು ಅಚ್ಚುಹಾಕಿಸಿತು. ಅದೂ ‘ಹ’ಕಾರದ್ದೇ. ಪಠ್ಯಪುಸ್ತಕದ ಬಲದಿಂದ ಅದು ಮನೆಮನೆಗೆ ತಲುಪಿತು, ಜನ ಅದನ್ನೇ ‘ಹತೊ ಪೊಪ್ಪೊ’ ಎಂದು ಕರೆಯತೊಡಗಿದರು. ರೆಂತಾರೋನ ಹಾಡು ಹಿಂದೆ ಸರಿಯಿತು. ಅದರ ನೆನಪಿಗೆ ಟೋಕಿಯೋದ ಅಸಕುಸದ ಸೆನ್‌ಸೋಜಿ ದೇವಾಲಯದ ಆವರಣದಲ್ಲಿ ಒಂದು ಶಿಲಾಫಲಕವಿದೆ.

ಲೈಪ್‌ಜಿಗ್‌ನ ಚಳಿಗಾಲ

‘ಯೋಚಿಯೆನ್ ಶೋಕ’ 1901ರ ಜುಲೈನಲ್ಲಿ ಹೊರಬಂದಾಗ ಅದನ್ನು ಕೈಯಲ್ಲಿ ಹಿಡಿದು ನೋಡಲು ರೆಂತಾರೋ ಜಪಾನಿನಲ್ಲಿರಲಿಲ್ಲ. ಶಿಕ್ಷಣ ಇಲಾಖೆ ಪಿಯಾನೋ ಮತ್ತು ಸಂಗೀತ ರಚನೆಯ ವ್ಯಾಸಂಗಕ್ಕೆಂದು ಆತನನ್ನು ಮೂರು ವರ್ಷದ ಅವಧಿಗೆ ಜರ್ಮನಿಗೆ ಆಯ್ಕೆ ಮಾಡಿತ್ತು. ಏಪ್ರಿಲ್‌ನಲ್ಲಿ ಯೊಕೊಹಾಮಾದಿಂದ ಹಡಗು ಹೊರಟಿತು. ಮೇ ತಿಂಗಳಲ್ಲಿ ಬರ್ಲಿನ್ ಸೇರಿದ ಆತ ಅಲ್ಲಿಂದ ಲೈಪ್‌ಜಿಗ್‌ಗೆ ತೆರಳಿದ. 1843ರಲ್ಲಿ ಮೆಂಡೆಲ್‌ಸೋನ್ ಸ್ಥಾಪಿಸಿದ ಅಲ್ಲಿನ ಸಂಗೀತ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಗೆದ್ದು, ಅಕ್ಟೋಬರ್‌ನಿಂದ ತರಗತಿ ಆರಂಭಿಸಿದ. ಪಿಯಾನೋಗೆ ರಾಬರ್ಟ್ ಟೈಷ್‌ಮ್ಯೂಲರ್, ಸ್ವರಸಂಯೋಜನೆಯ ಶಾಸ್ತ್ರಕ್ಕೆ ಸಾಲೊಮನ್ ಯಾದಾಸ್ಸೋನ್ ಗುರುಗಳು.

ಪಾಠ ನಡೆದದ್ದು ಎರಡು ತಿಂಗಳೂ ತುಂಬ ಇಲ್ಲ. ನವೆಂಬರ್ ಕೊನೆಯಲ್ಲಿ ಒಂದು ರಾತ್ರಿ ಒಪೆರಾ ನೋಡಿ ಮರಳಿದ ಆತನಿಗೆ ನೆಗಡಿಯಾಯಿತು. ನೆಗಡಿ ಇಳಿಯಲಿಲ್ಲ, ಜ್ವರವಾಯಿತು, ಆಸ್ಪತ್ರೆ ಸೇರಬೇಕಾಯಿತು. ಕ್ಷಯ. ಆ ರೋಗದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಖ್ ಪತ್ತೆಹಚ್ಚಿದ್ದನ್ನು ಲೋಕಕ್ಕೆ ತಿಳಿಸಿದ್ದು ಅದೇ ಜರ್ಮನಿಯ ಬರ್ಲಿನ್‌ನಲ್ಲಿ, 1882ರಲ್ಲಿ. ಶತ್ರು ಯಾರೆಂದು ಗೊತ್ತಿತ್ತು, ಹೊಡೆಯಲು ಆಯುಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಔಷಧ ಬರಲು ಇನ್ನೂ ನಾಲ್ಕು ದಶಕ ಕಾಯಬೇಕಿತ್ತು. ಒಂಬತ್ತು ತಿಂಗಳಲ್ಲಿ ಒಂದು ನಾಡಿನ ಹಾಡಿನ ದಿಕ್ಕನ್ನೇ ಬದಲಿಸಿದ ತರುಣ, ಕಲಿಯಲೆಂದು ಬಂದ ಊರಿನಲ್ಲಿ ಚಳಿಗಾಲ, ವಸಂತಗಳನ್ನು ಹಾಸಿಗೆಯಲ್ಲಿಯೇ ಕಳೆದ. 1902ರ ಫೆಬ್ರವರಿಯಲ್ಲಿ ಗುರು ಯಾದಾಸ್ಸೋನ್ ಕೂಡ ತೀರಿಕೊಂಡ. ಜುಲೈನಲ್ಲಿ ಜಪಾನಿನಿಂದ ಆದೇಶ ಬಂದಿತು, ಮರಳಿ ಬರತಕ್ಕದ್ದು.

ಆಗಸ್ಟ್‌ನಲ್ಲಿ ಆಂಟ್‌ವರ್ಪ್‌ನಿಂದ ‘ವಕಾಸ ಮರು’ ಹಡಗು ಆತನನ್ನು ಹೊತ್ತು ಹೊರಟಿತು. ಅದೇ ತಿಂಗಳು ಅವನಿಗೆ 23 ತುಂಬಿತು. ಹಡಗು ಲಂಡನ್ ಸಮೀಪದ ಟಿಲ್‌ಬರಿ ಬಂದರಿನಲ್ಲಿ ಕೆಲ ಹೊತ್ತು ತಂಗಿದಾಗ ಒಬ್ಬ ಜಪಾನೀ ಕವಿ ಆತನನ್ನು ಕಾಣಲು ಬಂದ. ಹೆಸರು ದೊಯಿ ಬನ್ಸುಯಿ. ‘ಕೋಜೋ ನೊ ತ್ಸುಕಿ’ಯ ಪದಗಳನ್ನು ಬರೆದವನು ಆತನೇ. ಸ್ಪರ್ಧೆಯ ಮೂಲಕ ಪದ-ರಾಗ ಕೂಡಿದ್ದರಿಂದ ಕವಿಯೂ ಸಂಯೋಜಕನೂ ಅಲ್ಲಿಯವರೆಗೆ ಮುಖಾಮುಖಿಯಾಗಿರಲಿಲ್ಲ. ನಾಡೆಲ್ಲ ಒಟ್ಟಿಗೆ ಉಚ್ಚರಿಸುವ ಈ ಎರಡು ಹೆಸರುಗಳ ಒಡೆಯರು ಬಾಳಿನಲ್ಲಿ ಭೇಟಿಯಾದದ್ದು ಆ ಒಂದೇ ಸಲ, ಪರದೇಶದ ಹಡಗುಕಟ್ಟೆಯಲ್ಲಿ, ಒಬ್ಬನ ಮುಖದ ಮೇಲೆ ಸಾವಿನ ಗುರುತು ಮೂಡಿದ್ದಾಗ. ಬನ್ಸುಯಿ ಆಮೇಲೆ ಐವತ್ತು ವರ್ಷ ಬದುಕಿ 1952ರಲ್ಲಿ ತೀರಿಕೊಂಡ.

ಅಕ್ಟೋಬರ್‌ನಲ್ಲಿ ಯೊಕೊಹಾಮಾ ತಲುಪಿದ ರೆಂತಾರೋ ಟೋಕಿಯೋದಲ್ಲಿ ದೈಕಿಚಿಯ ಮನೆಯಲ್ಲಿ ಇಳಿದುಕೊಂಡ. ಅಂದು ತಂದೆಯೊಡನೆ ವಾದಿಸಿ ತನ್ನನ್ನು ಸಂಗೀತಕ್ಕೆ ಬಿಡಿಸಿಕೊಟ್ಟ ಆ ಹಿರಿಯ ಮರು ತಿಂಗಳೇ ಇಲ್ಲವಾದ. ರೋಗಿ ಓಯಿತಕ್ಕೆ, ತಂದೆತಾಯಿಯ ಬಳಿಗೆ ಹೊರಟ. ಅಲ್ಲಿ 1903ರ ಫೆಬ್ರವರಿಯಲ್ಲಿ ಪಿಯಾನೋಗಾಗಿ ಕೊನೆಯದೊಂದು ಕೃತಿ ಬರೆದ. ಅದಕ್ಕೆ ಇಟ್ಟ ಹೆಸರು ‘ಉರಾಮಿ’. ಕೊರಗು, ಕಹಿ, ತೀರದ ಅಳಲು ಎಂಬೆಲ್ಲ ಅರ್ಥಗಳು ಆ ಪದಕ್ಕಿವೆ. ಎರಡೂವರೆ ವರ್ಷದ ಹಿಂದಿನ ಮಿನುಯೆಟ್ಟಿನ ವಿದ್ಯಾರ್ಥಿ ಇಲ್ಲಿ ಕಾಣುವುದಿಲ್ಲ. ಜೂನ್ 29ರಂದು ಆತ ಕೊನೆಯುಸಿರೆಳೆದ. 24 ತುಂಬಲು ಎರಡು ತಿಂಗಳು ಬಾಕಿಯಿತ್ತು.

ಇನ್ನೂ ಒಂದು ತಿಂಗಳು ಕಳೆಯುವ ಮೊದಲೇ, ಜುಲೈ 23ರಂದು, ಆತ ಕಲಿತು ಕಲಿಸಿದ ಶಾಲೆಯಲ್ಲಿ ಜಪಾನೀಯರು ತಾವಾಗಿಯೇ ಆಡಿದ ಮೊದಲ ಒಪೆರಾ, ಗ್ಲುಕ್‌ನ ‘ಓರ್ಫೆಯೊ’, ರಂಗವೇರಿತು. ಪಿಯಾನೋಗೆ ಗುರು ಕೇಬರ್ ಕುಳಿತಿದ್ದ, ಯೂರಿಡಿಸ್ ಆಗಿ ಹಾಡಿದವಳು ಶಿಷ್ಯೆ ತಮಾಕಿ.

ಕ್ಷಯದ ಸೋಂಕಿನ ಭಯದಿಂದ ಆತನ ಹಸ್ತಪ್ರತಿಗಳಲ್ಲಿ ಹಲವನ್ನು ಸುಟ್ಟುಹಾಕಲಾಯಿತು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಬೆಂಕಿಗೆ ಬಿದ್ದದ್ದರಲ್ಲಿ ಏನಿತ್ತೆಂಬ ಲೆಕ್ಕ ಯಾರ ಬಳಿಯೂ ಇಲ್ಲ.

ಅಳಿಸಿಹೋದ ಒಂದು ಸ್ವರ

ಸುಡದೆ ಉಳಿದದ್ದೂ ಹಾಗೆಯೇ ಉಳಿಯಲಿಲ್ಲ ಎಂಬುದು ಈ ಕಥೆಯ ಇನ್ನೊಂದು ಭಾಗ. ‘ಕೋಜೋ ನೊ ತ್ಸುಕಿ’ ಎಂದರೆ ಹಾಳುಕೋಟೆಯ ಚಂದಿರ. ಒಂದು ಕಾಲದಲ್ಲಿ ಔತಣ ನಡೆದ ಉಪ್ಪರಿಗೆ, ಈಗ ಕಲ್ಲುಗೋಡೆಗೆ ಹಬ್ಬಿದ ಬಳ್ಳಿ, ಇವೆರಡನ್ನೂ ಕಂಡು ತಾನು ಮಾತ್ರ ಬದಲಾಗದ ಬೆಳದಿಂಗಳು. ಕವಿ ಬನ್ಸುಯಿಯ ಕಣ್ಣ ಮುಂದೆ ಇದ್ದದ್ದು ಈಶಾನ್ಯದ ಸೆಂದೈ ಮತ್ತು ಐಜು ಕೋಟೆಗಳು. ಸಂಯೋಜಕನ ಎದೆಯಲ್ಲಿದ್ದದ್ದು ತಕೆತದ ಓಕ ಕೋಟೆ. ಹೀಗಾಗಿ ಈ ಹಾಡಿನ ಕೋಟೆ ತಮ್ಮದೆಂದು ಹೇಳಿಕೊಳ್ಳುವ ಊರುಗಳು ಜಪಾನಿನಲ್ಲಿ ಒಂದಕ್ಕಿಂತ ಹೆಚ್ಚು.

ರೆಂತಾರೋ ಬರೆದದ್ದು ಪಕ್ಕವಾದ್ಯವಿಲ್ಲದ ಬರಿಯ ಧಾಟಿಯನ್ನು. 1910ರ ದಶಕದ ಕೊನೆಯಲ್ಲಿ, ಬರ್ಲಿನ್‌ನಲ್ಲಿ ಕಲಿತು ಬಂದ ಯಮದ ಕೋಸಕು ಎಂಬ ಸಂಯೋಜಕ ಅದಕ್ಕೆ ಪಿಯಾನೋ ಕೂಡಿಸಿದ. ಶ್ರುತಿ ಬದಲಿಸಿದ, ನಡೆಯನ್ನು ನಿಧಾನಗೊಳಿಸಿದ. ಮೊದಲ ಸಾಲಿನಲ್ಲಿದ್ದ ಒಂದು ತೀವ್ರ ಸ್ವರವನ್ನು ತೆಗೆದುಹಾಕಿ ಸಾಮಾನ್ಯ ಸ್ವರವನ್ನಿಟ್ಟ. ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರತಿ ಮಧ್ಯಮವಿದ್ದಲ್ಲಿ ಶುದ್ಧ ಮಧ್ಯಮ ಬಂದಿತು. ರೆಂತಾರೋನ ಮೂಲದಲ್ಲಿ ಆ ಒಂದು ಸ್ವರ ಹಾಡಿಗೆ ಹಂಗೇರಿಯ ಜಿಪ್ಸಿ ಸಂಗೀತದ ಛಾಯೆ ಕೊಡುತ್ತಿತ್ತು. ಆ ಸ್ವರಶ್ರೇಣಿ ಸಿಂಹೇಂದ್ರಮಧ್ಯಮದ ಸ್ವರಗಳಿಗೆ ಸಮನಾದದ್ದು. ಯಮದ ತಿದ್ದಿದ ರೂಪವೇ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿತು. ಬಹುತೇಕ ಜಪಾನೀಯರು ತಮ್ಮ ನಾಡಿನ ಅತ್ಯಂತ ಪ್ರಸಿದ್ಧ ಹಾಡನ್ನು ಅದನ್ನು ರಚಿಸಿದವನು ಬರೆದಂತೆ ಕಲಿಯಲೇ ಇಲ್ಲ. ಯಮದನ ಪಕ್ಕವಾದ್ಯ ಸುಂದರವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಸತ್ತವನನ್ನು ಕೇಳದೆ ಸ್ವರ ತಿದ್ದುವುದು ಎಷ್ಟು ಸರಿ ಎಂಬ ಪ್ರಶ್ನೆ ಉಳಿದೇ ಇದೆ. ಮೂಲದ ಸ್ವರವನ್ನೇ ಹಿಡಿದು ಹಾಡುವ ಗಾಯಕರೂ ಇದ್ದಾರೆ.

ಹಾಡು ಕಡಲು ದಾಟಿತು. ಅಮೆರಿಕದ ಜಾಝ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್ 1967ರ ತನ್ನ ಆಲ್ಬಮ್‌ನಲ್ಲಿ ಇದನ್ನು ಹದಿನಾರು ನಿಮಿಷಕ್ಕೂ ಮೀರಿ ನುಡಿಸಿದ್ದಾನೆ. ಅಲ್ಲಿ ಇದಕ್ಕೆ ಕೊಟ್ಟ ಹೆಸರು ಜಪಾನೀ ಜಾನಪದ ಗೀತೆ ಎಂದು. ಜರ್ಮನಿಯ ರಾಕ್ ತಂಡ ಸ್ಕಾರ್ಪಿಯನ್ಸ್ 1978ರಲ್ಲಿ ಟೋಕಿಯೋದ ವೇದಿಕೆಯ ಮೇಲೆ ಇದನ್ನು ಹಾಡಿತು, ಧ್ವನಿಮುದ್ರಣದಲ್ಲಿ ಸಭೆಯ ದನಿಯೂ ಕೇಳುತ್ತದೆ. ಹಾಡು ಜಾನಪದವೆನಿಸಿಕೊಳ್ಳುವಷ್ಟು ಜನರದ್ದಾಗುವುದು ಸಂಯೋಜಕನಿಗೆ ಸಂದ ಗೌರವವೋ, ಅವನ ಹೆಸರಿಗೆ ಬಿದ್ದ ಮರೆಯೋ ಎಂಬುದನ್ನು ಓದುಗರೇ ನಿರ್ಧರಿಸಬಹುದು.

ತಕೆತದ ಓಕ ಕೋಟೆಯ ಮೇಲೆ ಕುಳಿತ ಭಂಗಿಯ ರೆಂತಾರೋನ ಪ್ರತಿಮೆಯಿದೆ. ಕಡೆದವನು ಅಸಾಕುರ ಫುಮಿಯೊ, ಅದೇ ಊರಿನ ಶಾಲೆಯಲ್ಲಿ ಆತನಿಗಿಂತ ಕೆಳಗಿನ ತರಗತಿಯಲ್ಲಿ ಓದಿದವನು, ಮುಂದೆ ಜಪಾನಿನ ದೊಡ್ಡ ಶಿಲ್ಪಿ. ಕುಟುಂಬ ವಾಸಿಸಿದ್ದ ಸರಕಾರಿ ಮನೆ 1992ರಿಂದ ಸ್ಮಾರಕ ಭವನವಾಗಿದೆ. ಮರುವರ್ಷ ಆತನ ಬಾಳನ್ನು ಕುರಿತ ಚಲನಚಿತ್ರವೊಂದೂ ತೆರೆಕಂಡಿತು. ಊರಿನ ನಿಲ್ದಾಣಕ್ಕೆ ರೈಲು ಬಂದು ನಿಂತಾಗ ಪ್ರಯಾಣಿಕರಿಗೆ ಕೇಳಿಸುವುದು ಹಾಳುಕೋಟೆಯ ಚಂದಿರನ ಹಾಡು.

ಓಯಿತ ನಗರದ ಮಂಜುಜಿ ದೇವಾಲಯದಲ್ಲಿದ್ದ ಆತನ ಸಮಾಧಿಯನ್ನು 2011ರಲ್ಲಿ ಹಿಜಿಯ ರ್ಯೂಸೆನ್‌ಜಿ ದೇವಾಲಯಕ್ಕೆ ಸಾಗಿಸಲಾಯಿತು. ತಲೆಮಾರುಗಳ ತಕಿ ವಂಶದ ಹಿರಿಯರು ಮಲಗಿರುವುದು ಅಲ್ಲಿಯೇ.